ಎರಡು ಧಾಟಿ

ಫ್ಯಾನು ಮತ್ತೆ ಕಿರ್ರ್ ಅನ್ನುತ್ತಿದೆ, ಶ್ರುತಿಗೆ ಹತ್ತಿರವೂ ಇಲ್ಲ, ದೂರವೂ ಇಲ್ಲ, ಒಂದು ಹನಿ ಎಣ್ಣೆ ಬಿಡಿ ಅಂತ ಈ ಮರಾಠಿ ಚರ್ಚಿನವರಿಗೆ ಎಷ್ಟು ಸಲ ಹೇಳಿದ್ದೇನೆ, ಕಟ್ಟಡ ಅವರದು, ಸೆಖೆ ನಮ್ಮ ಕನ್ನಡದವರದು — ಇರಲಿ, ನನ್ನ ಗಂಟಲಿಗೆ ಇದೊಂದು ಲೆಕ್ಕವಲ್ಲ, ಭೋಸರಿಯ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ನಿನ ಪಕ್ಕ ನಿಂತು ಕೂಗಿದರೆ ಗೇಟಿನ ವಾಚ್‌ಮನ್ ತಿರುಗಿ ನೋಡುತ್ತಿದ್ದ, ಸುವಾರ್ತಪ್ಪನ ದನಿ ಅಂದರೆ ದನಿ, ದೇವರು ಕೊಟ್ಟದ್ದು, ನನ್ನದೇನಿಲ್ಲ, ಹಾಗೆ ಹೇಳಿಕೊಳ್ಳುವುದರಲ್ಲಿ ನಾನೆಂದೂ ಹಿಂದೆ ಬಿದ್ದವನಲ್ಲ, ಮೆರೆಯುವ ಜನ ಮುಂದಿನ ಬೆಂಚು ಹಿಡಿಯುತ್ತಾರೆ, ನಾನು ಕೂರುವುದು ಕೊನೆಯ ಬೆಂಚಿನಲ್ಲೇ, ಯೆರವಡಾದ ಯಾವ ಕ್ರೈಸ್ತನನ್ನು ಕೇಳಿದರೂ ಅದು ಸುವಾರ್ತಪ್ಪನ ಬೆಂಚು ಅಂತ ತೋರಿಸುತ್ತಾನೆ. ಇವತ್ತು ಮಾತ್ರ ಮುಂದೆ ನಿಂತಿದ್ದೇನೆ, ಎರಡು ಗುಂಪು ಕೂಡಿದ ಮೊದಲ ಭಾನುವಾರ, ಹಾಡು ಎತ್ತಬೇಕಲ್ಲ, ಪಕ್ಕದ ಕುರ್ಚಿಯಲ್ಲಿ ಕಾಶವ್ವ, ಮಂಡಿನೋವು, ಅವಳೂ ಹಾಡು ಎತ್ತುವವಳೇ, ಅದೇ ತಕರಾರು.

ನಾವು ಗದಗ-ಬೆಟಗೇರಿಯವರು, ಜರ್ಮನಿಯ ಪಾದ್ರಿಗಳು ಕಲಿಸಿದ ಧಾಟಿ ನಮ್ಮದು, ಹಾರ್ಮೋನಿಯಂ ಜೊತೆ ಎಳೆದು ಎಳೆದು ಹಾಡುತ್ತೇವೆ, ಕಾಶವ್ವನ ಗುಂಪು ಬೀದರ ಕಡೆಯವರದು, ಅದೇ ಹಾಡು, ಅದೇ ಅಕ್ಷರ, ಧಾಟಿ ಮಾತ್ರ ಭಜನೆಯದು, ಢೋಲಕ್ ಬೇಕು, ಚಪ್ಪಾಳೆ ಬೇಕು, ಇಷ್ಟು ವರ್ಷ ನಮ್ಮ ಆರಾಧನೆ ಬೆಳಗ್ಗೆ, ಅವರದು ಸಂಜೆ, ಯಾರ ಹಾಡಿಗೆ ಯಾರ ಅಡ್ಡಿಯೂ ಇರಲಿಲ್ಲ. ಈಗ ಮರಾಠಿ ಚರ್ಚಿನ ಕಾರ್ಯದರ್ಶಿ ಸ್ನೇಹಲ್ ಮೇಡಂ ಹೇಳಿಬಿಟ್ಟಿದ್ದಾರೆ, ಕನ್ನಡದವರಿಗೆ ಭಾನುವಾರ ಒಂದೇ ಹೊತ್ತು, ಕೂಡಿ ನಡೆಸುವುದಾದರೆ ಇರಿ, ಜಗಳವಾದರೆ ಬೇರೆ ಜಾಗ ನೋಡಿಕೊಳ್ಳಿ, ನೋಡಿ, ಬಾಗಿಲಲ್ಲೇ ಬೀಗದಕೈ ಹಿಡಿದು ನಿಂತಿದ್ದಾರೆ, ಬೇರೆ ಜಾಗ ಎಲ್ಲಿದೆ, ಇದು ಹೋದರೆ ಈ ಭಾಗದಲ್ಲಿ ನಮಗೆ ಕನ್ನಡದ ಆರಾಧನೆಯೇ ಹೋಯಿತು. ಯಾರ ಧಾಟಿ ಅಂತ ಶುಕ್ರವಾರ ಸಭೆ ಕರೆದರೆ, ನೀವಿಬ್ರೂ ಹಿರ್ಯಾರು, ಕೂಡಿ ಏನರ ಒಂದು ಮಾಡ್ರಿ, ಅಂದು ಪಾಸ್ಟರ್ ಕೈ ತೊಳೆದುಕೊಂಡರು, ಕಾಶವ್ವ ಅಂದಳು, ಅಣ್ಣಾರ, ಇದು ನಮ್ಮವ್ವ ಕಲಿಸಿದ ಧಾಟಿ ಅದ, ನಾ ಹ್ಯಾಂಗ ಬಿಡ್ಲಿ, ನಾನಂದೆ, ಅಕ್ಕಾರ, ಇದು ನಮ್ಮ ಮುತ್ಯಾ ಕಲಿಸಿದ್ದು, ನಾ ಹ್ಯಾಂಗ ಬಿಡ್ಲಿ, ಅಷ್ಟರಲ್ಲಿ ಚಹಾ ಬಂತು, ಕುಡಿದು ಮನೆಗೆ ಹೋದೆವು.

ಅಗೋ ಪಾಸ್ಟರ್ ಹಾಡಿನ ನಂಬರು ಹೇಳಿಯೇಬಿಟ್ಟರು, ಎಲ್ಲರೂ ಎದ್ದರು, ಹಾರ್ಮೋನಿಯಂ ಇನ್ನೂ ಗಾಳಿ ತುಂಬಿಕೊಳ್ಳುತ್ತಿದೆ, ಆಗಲೇ ಢೋಲಕ್ ಧಡ್ ಅಂತು, ನಾನೂ ಎತ್ತಿದೆ, ಅವಳೂ ಎತ್ತಿದಳು, ಅಯ್ಯೋ ದೇವರೇ, ಎಂಥ ಗದ್ದಲ, ಒಂದೇ ಓಣಿಯಲ್ಲಿ ಎರಡು ಮದುವೆ ಮೆರವಣಿಗೆ ಎದುರಾದ ಹಾಗೆ, ಸ್ನೇಹಲ್ ಮೇಡಂ ಹುಬ್ಬು ಮೇಲೇರಿತು, ನಾನೇನು ಅಂಜುವವನೇ, ಇದನ್ನು ಸರಿಮಾಡುವ ದಾರಿ ನನಗೆ ಗೊತ್ತು, ಒಬ್ಬರು ಗೆದ್ದರೆ ಒಗ್ಗಟ್ಟು ತಾನಾಗಿ ಬರುತ್ತದೆ, ಹೊಟ್ಟೆಯ ತಳದಿಂದ ಉಸಿರೆಳೆದು ಬಿಟ್ಟೆ, ಢೋಲಕ್ಕಿನವನು ತಾಳ ತಪ್ಪಿ ಕೈ ನಿಲ್ಲಿಸಿದ, ಬೀದರದ ಬೆಂಚುಗಳು ಒಂದೊಂದಾಗಿ ಬಾಯಿ ಮುಚ್ಚಿದವು, ಕಾಶವ್ವನ ಸಣ್ಣ ದನಿ ಒಂದೇ ಉಳಿಯಿತು, ಆಮೇಲೆ ಅದೂ ಇಲ್ಲ — ಗೆದ್ದೆ, ನೋಡಿರಿ ಮೇಡಂ, ಒಂದೇ ಸಭೆ, ಒಂದೇ ಧಾಟಿ, ಬೀಗದಕೈ ಒಳಗಿಡಿರಿ — ಅಂತ ಖುಷಿಯಲ್ಲಿ ಪಕ್ಕಕ್ಕೆ ತಿರುಗಿದರೆ ಕಾಶವ್ವ ಸುಮ್ಮನಾಗಿಲ್ಲ, ತುಟಿಗಳು ಆಡುತ್ತಿವೆ, ಕಿವಿ ನನ್ನ ಕಡೆ ಕೊಟ್ಟಿದ್ದಾಳೆ, ನನ್ನ ಧಾಟಿಯನ್ನು ಹಿಡಿಯುತ್ತಿದ್ದಾಳೆ, ತಪ್ಪುತ್ತಾಳೆ, ಮತ್ತೆ ಹಿಡಿಯುತ್ತಾಳೆ, ಈ ವಯಸ್ಸಿನಲ್ಲಿ, ತನ್ನ ಜನರೆಲ್ಲರ ಮುಂದೆ, ಅವ್ವನದನ್ನು ಬದಿಗಿಟ್ಟು. ನಾನು ಗೆದ್ದದ್ದಲ್ಲ ಇದು, ಅವಳು ಬಿಟ್ಟುಕೊಟ್ಟದ್ದು. ಮುಖ ಬಿಸಿಯಾಯಿತು, ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ.

ಎರಡನೆಯ ಚರಣ ಬಂತು, ಎಲ್ಲರೂ ನನ್ನ ಬಾಯಿ ನೋಡುತ್ತಿದ್ದಾರೆ, ಅಕ್ಕಾರ, ಇದನ್ನ ನೀವು ಎತ್ರಿ, ನಿಮ್ಮ ಧಾಟ್ಯಾಗ, ನಾ ಹಿಂದಿಂದ ಬರ್ತೀನಿ, ಅಂದುಬಿಟ್ಟೆ, ಅದರಲ್ಲೇನಿದೆ, ಸುವಾರ್ತಪ್ಪ ಹಿಡಿಯಲಾರದ ಧಾಟಿ ಯಾವುದು, ಅವಳು ಒಂದು ಗಳಿಗೆ ನನ್ನನ್ನೇ ನೋಡಿ ಎತ್ತಿದಳು, ಢೋಲಕ್ ಎದ್ದಿತು, ನಾನು ಎಡವಿದೆ, ಒಂದು ಮಾತ್ರೆ ಹಿಂದೆ, ಸರಿಮಾಡಿಕೊಂಡೆ, ಮತ್ತೆ ಎಡವಿದೆ, ಗದಗಿನವರು ನಗುತ್ತಿದ್ದಾರೆ, ನಗಲಿ, ಅವರೂ ಎಡವುತ್ತಿದ್ದಾರೆ, ಒಬ್ಬರ ಮೇಲೊಬ್ಬರು ಬೀಳುತ್ತ ಎಲ್ಲರೂ ಹಾಡುತ್ತಿದ್ದಾರೆ, ಕಾಶವ್ವನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದೆ, ಸೊಟ್ಟಗಾದ ಬೆರಳು, ಅದನ್ನೇ ನೋಡುತ್ತ ಹಾಡುತ್ತೇನೆ, ಏಳುತ್ತದೆ, ಬೀಳುತ್ತದೆ, ನಾನು ಮತ್ತೆ ತಪ್ಪಿದೆ, ಬೆರಳು ಎದ್ದಿತು — ಬೀಳಲಿಲ್ಲ, ಕಾಯುತ್ತಿದೆ, ಢೋಲಕ್ಕಿನವನೂ ಅದನ್ನೇ ನೋಡುತ್ತ ಕೈ ಎತ್ತಿ ಕಾಯುತ್ತಿದ್ದಾನೆ, ನಾನು ಬಂದು ಮುಟ್ಟುವವರೆಗೆ, ನನಗಾಗಿ, ಆ ಬೆರಳು, ಗಾಳಿಯಲ್ಲಿ, ಆ ಬೆರಳು —