ಗಂಗಮ್ಮ ಹೊರಗಾದದ್ದು

ನಮ್ಮೂರಲ್ಲಿ ಒರತೆಯೊಂದಿತ್ತು ಎಂದರೆ ಈಗ ಮನೆಯ ಸೊಸೆಯರು ನಗುತ್ತಾರೆ. ನಗಲಿ. ಅದರ ನೀರು ಕುಡಿದವರಿಗೆ ಗೊತ್ತು.

ತ್ಯಾಮಗೊಂಡ್ಲು ಕಡೆಯ ನಮ್ಮ ಊರಿಗೆ ಕುಡಿಯುವ ನೀರೆಂದರೆ ಗುಡ್ಡದ ಬುಡದ ಆ ಒರತೆಯೊಂದೇ. ಎಪ್ಪತ್ತೆರಡರಲ್ಲಿ ಕಲ್ಲಿನ ಕಂಟ್ರಾಕ್ಟರೊಬ್ಬ ಬಂದು, ಗುಡ್ಡ ಒಡೆಯಲು ಒಪ್ಪಿದರೆ ಊರಿಗೆ ಕೈಪಂಪಿನ ಬೋರಿಂಗು ಹಾಕಿಸಿಕೊಡುತ್ತೇನೆ ಎಂದ. ಊರು ಅರೆಮನಸ್ಸಿನಲ್ಲಿತ್ತು. ಶಾಲೆಯ ಸಂಜೀವಪ್ಪ ಮೇಷ್ಟ್ರು ಮಾತ್ರ, ಗುಡ್ಡದ ನೆತ್ತಿಯ ದೊಣೆಯಲ್ಲಿ ನಿಂತ ಮಳೆನೀರೇ ಬಂಡೆಯ ಬಿರುಕಿನಲ್ಲಿ ಇಳಿದು ಒರತೆಯಾಗುತ್ತದೆ, ಗುಡ್ಡ ಹೋದರೆ ನೀರೂ ಹೋಗುತ್ತದೆ ಎಂದು ಬಾಯಿ ನೋಯುವಷ್ಟು ಹೇಳಿದರು. ಯಾರೂ ನಂಬಲಿಲ್ಲ. ಒರತೆ ಗಂಗಮ್ಮನದು, ಅವಳಿಗೆ ದೊಣೆಯ ಹಂಗೇಕೆ?

ಮೇಷ್ಟ್ರು ದೊಡ್ಡಬಳ್ಳಾಪುರದ ನೇಕಾರರ ಮನೆಯವರು. ಕಣ್ಣಾರೆ ಕಂಡರೆ ನಂಬುತ್ತಾರೆಂದು ಮನೆಯಿಂದ ರೇಷ್ಮೆಗೆ ಹಾಕುವ ಬಣ್ಣ ತಂದರು. ಹಸಿರು ತರಬಹುದಿತ್ತು, ನೀಲಿ ತರಬಹುದಿತ್ತು. ಎದ್ದು ಕಾಣಲಿ ಎಂದು ಕೆಂಪು ತಂದು ದೊಣೆಗೆ ಸುರಿದರು. ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

ಒಂದು ಬೆಳಿಗ್ಗೆ ನೀರಿಗೆ ಹೋದ ಸೊಣ್ಣಮ್ಮ ಬರಿಗೊಡ ಹಿಡಿದು ವಾಪಸು ಬಂದಳು. ಒರತೆಯ ಕೆಸರು ತೆಗೆದು, ಪೂಜೆ ಮಾಡಿ, ಅದನ್ನು ಮಗಳಂತೆ ನೋಡಿಕೊಳ್ಳುತ್ತಿದ್ದ ಮುದುಕಿ ಅವಳು.

"ಯಾರೂ ಹೋಗ್ಬೇಡಿ ಕಣ್ರಮ್ಮಾ. ಗಂಗಮ್ಮ ಹೊರಗಾಗವ್ಳೆ. ಮೂರು ದಿನ ಬಿಟ್ಟು, ತಲೆಗೆ ನೀರು ಹಾಕ್ಕೊಂಡ್ಮೇಲೆ ಅವ್ಳೇ ಕರೀತಾಳೆ."

ಹೆಂಗಸರು ಗೊಣಗದೆ ಪಕ್ಕದೂರಿನ ಬಾವಿಗೆ ಹೊರಟರು. ಮನೆಯ ಹೆಣ್ಣುಮಗಳು ಮೂರು ದಿನ ಹೊರಗೆ ಕೂತರೆ ಯಾರಾದರೂ ಬೇಸರ ಮಾಡಿಕೊಳ್ಳುತ್ತಾರೆಯೇ?

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅಂದು ಸಂಜೆಯೇ ಜನ ಸೇರಿಸಿ, ಬಣ್ಣದ ಪೊಟ್ಟಣ ತೋರಿಸಿ, ಮೇಲೆ ಹಾಕಿದ್ದು ಕೆಳಗೆ ಬಂದ ಬಗೆಯನ್ನು ಪಾಠ ಮಾಡಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಆದದ್ದು ಅದೇ. ಪಾಠ ಎಲ್ಲರಿಗೂ ಅರ್ಥವಾಗಿಬಿಟ್ಟಿತು.

ಊರಿನ ಹಿರಿಯ ಆವಲಪ್ಪ ಎದ್ದು ನಿಂತ. "ಅಂದ್ರೆ ಮೇಷ್ಟ್ರೇ, ದೊಣೇಲಿರೋದೆಲ್ಲ ಒರತೆಗೆ ಬರ್ತದೆ?"

"ಅದನ್ನೇ ಅಲ್ವೇ ನಾನು ಇಷ್ಟು ದಿನ ಬಡ್ಕೊಂಡಿದ್ದು!"

"ದೊಣೇಲಿ ಕುರಿ ಮೈ ತೊಳೀತೀವಿ. ಜನ ಚೆಂಬು ಹಿಡ್ಕೊಂಡು ಹೋಗೋದೂ ಅತ್ಲಾಗೇ. ಇಷ್ಟು ವರ್ಷ ನಾವು ಕುಡಿದಿದ್ದು ಅದನ್ನಾ?"

ಯಾರೋ ಥೂ ಎಂದು ಉಗಿದರು. ದೊಣೆ ಚೊಕ್ಕ ಮಾಡೋಣ, ಸುತ್ತ ಬೇಲಿ ಹಾಕೋಣ ಎಂದು ಮೇಷ್ಟ್ರು ಕೂಗಿದ್ದು ಗದ್ದಲದಲ್ಲಿ ಕೇಳಲೇ ಇಲ್ಲ. ಊರು ಕಂಟ್ರಾಕ್ಟರನಿಗೆ ಒಪ್ಪಿಗೆ ಕೊಟ್ಟಿತು.

ಬಂಡೆಗೆ ಮೊದಲ ಮದ್ದು ಇಟ್ಟ ದಿನ ಮೇಷ್ಟ್ರು ಒರತೆಯ ಬಳಿ ಹೋದರು. ನೀರು ತಿಳಿಯಾಗಿ ಹರಿಯುತ್ತಿತ್ತು. ಸೊಣ್ಣಮ್ಮ ಒಬ್ಬಳೇ ಕೂತಿದ್ದಳು.

"ಬಣ್ಣ ಹಾಕಿ ತಪ್ಪು ಮಾಡ್ಬಿಟ್ಟೆ ಕಣಮ್ಮ" ಎಂದರು.

"ಬಣ್ಣ ಹಾಕಿದ್ರೆ ಏನಾಯ್ತಪ್ಪಾ? ಮೂರು ದಿನಕ್ಕೆ ತೊಳ್ಕೊಂಡು ಹೋಯ್ತು" ಎಂದಳು ಅವಳು. "ಹೊರಗಾಗವ್ಳೆ ಅಂತ ನಾನು ಹೇಳಿದ್ನಲ್ಲ, ಆವಾಗ ನೀವು ಸುಮ್ಕಿದ್ದಿದ್ರೆ, ನಾಕನೇ ದಿನ ಊರೆಲ್ಲ ಕೊಡ ಹಿಡ್ಕೊಂಡು ಬರ್ತಿತ್ತು."