ಲೊವೀನಾ ಮಂಡಿಸಿದ ಸ್ವಾತಂತ್ರ್ಯ

ಹನಿ, ನಳಿಗೆಯ ತುದಿಯಲ್ಲಿ ತೂಗುತ್ತಾ, ಬೀಳದೆ — ಬೆಳಿಗ್ಗೆ ಮೇಪಲ್ ಮರಕ್ಕೆ ಹೊಡೆದ ನಳಿಗೆಯಲ್ಲಿ ಕಂಡದ್ದು ಈಗ ಟೌನ್ ಹಾಲಿನ ಮರದ ಕುರ್ಚಿಯಲ್ಲಿ ಕೂತು ಕೈಗವಸು ಹೆಣೆಯುವ ಲೊವೀನಾಳ ಕಣ್ಣ ಮುಂದೆ ಮತ್ತೆ ಬಂತು, ಎರಡು ಹೊಲಿಗೆ ಸೀದಾ, ಎರಡು ಉಲ್ಟಾ, ಹೊರಗೆ ಸೂರಿನ ಹಿಮ ಕರಗಿ ಟಪಟಪ, ಮಾರ್ಚಿ ತಿಂಗಳ ಮೊದಲ ಮಂಗಳವಾರವೇ ಮರಕ್ಕೆ ರಸ ಏರಬೇಕೆ, ಇಡೀ ವರ್ಮಾಂಟೇ ಊರ ಸಭೆಗೆ ಕೂತಿರುವಾಗ, ಬೀನ್ಸಿನ ಊಟ ಮುಗಿದದ್ದೇ ತಡ ಅರ್ಧ ಜನ ಮೇಪಲ್ ರಸ ಕಾಯಿಸಿ ಪಾಕ ಮಾಡಲು ತಮ್ಮ ತಮ್ಮ ಆಲೆಮನೆಗೆ ಕಾಲ್ಕಿತ್ತಿದ್ದಾರೆ, ಉಳಿದವರಿಗೂ ಚಡಪಡಿಕೆ, ಹಿಮ ತೆಗೆಯುವ ಹೊಸ ಟ್ರಕ್ಕಿನ ವಿಷಯ ಜಗಳವೇ ಇಲ್ಲದೆ ಪಾಸಾಯಿತು, ಇಂಥದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿಲ್ಲ, ಅವಳ ಗಂಡ ಮೆರಿಲ್ ಕೂಡ ಎದ್ದು ಹೋದ, ಕೊಪ್ಪರಿಗೆ ತಳ ಹಿಡಿದ್ಬಿಡುತ್ತೆ ಕಣೇ, ಬೆಂಕಿ ತಗ್ಗಿಸಿ ಬಂದೇಬಿಡ್ತೀನಿ, ನನ್ನ ವಿಷಯ ಹದಿನೇಳನೇದು, ಇವರು ಅಲ್ಲಿಗೆ ಬರೋದ್ರೊಳಗೆ ನಾಲ್ಕು ಗಂಟೆ, ಎಂದ, ಹನ್ನೊಂದು ವರ್ಷದಿಂದ ಮನೆಮನೆ ಅಲೆದು ಸಹಿ ಹಾಕಿಸಿ ತರುವ ವಿಷಯ, ವರ್ಮಾಂಟ್ ಅಮೆರಿಕವನ್ನು ಬಿಟ್ಟು ಮತ್ತೆ ಸ್ವತಂತ್ರ ಗಣರಾಜ್ಯವಾಗಬೇಕು — ಅದನ್ನು ಮಂಡಿಸಬೇಕಾದವನೇ ಪಾಕ ಕಾಯಲು ಹೋದ, ದೇಶ ಕಟ್ಟುವವನ ಚಂದ ನೋಡಿ! ಹದಿನಾಲ್ಕು ವರ್ಷ, ಲೊವೀ, ಹದಿನಾಲ್ಕು ವರ್ಷ ನಾವೇ ಒಂದು ದೇಶ, ನಮ್ಮದೇ ನಾಣ್ಯ, ನಮ್ಮದೇ ಅಂಚೆ, ಬ್ರಿಟಿಷರ ಕೈಗೂ ಸಿಗಲಿಲ್ಲ ನ್ಯೂಯಾರ್ಕಿನವರ ಕೈಗೂ ಸಿಗಲಿಲ್ಲ, ಹಸುವಿನ ಕೆಚ್ಚಲ ಕೆಳಗೆ ಕೂತೂ ಅವನದು ಇದೇ ಪುರಾಣ, ಸಾವಿರದ ಏಳ್ನೂರ ತೊಂಬತ್ತೊಂದರಲ್ಲೇ ಅಮೆರಿಕಕ್ಕೆ ಸೇರ್ಕೊಂಡಾಯ್ತಲ್ಲೋ ಮಾರಾಯ ಎಂದರೆ, ಸೇರಿದೋರು ಬಿಡಬಹುದಲ್ಲ, ಮತ್ತೆ ನಗು, ಬಿಳಿ ಮೀಸೆಯ ಕೆಳಗೆ.

ಅವಳು ಪ್ರತಿ ವರ್ಷ ಬೇಡ ಎನ್ನುತ್ತಾಳೆ, ಎಲ್ಲರೆದುರು, ಗಟ್ಟಿಯಾಗಿ, ಅವಳಣ್ಣ ಎವರೆಟ್ ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬಂದವನು, ವರ್ಜೀನಿಯಾದ ಸೈನಿಕರ ಸ್ಮಶಾನದಲ್ಲಿ ಮಲಗಿದ್ದಾನೆ, ಅಣ್ಣನ ಗೋರಿಗೆ ಹೂವಿಡೋಕೆ ನಾನು ಪಾಸ್‌ಪೋರ್ಟ್ ತೋರಿಸ್ಬೇಕಾ ಮೆರಿಲ್, ಎಂದು ಮೊದಲ ವರ್ಷ ಕೇಳಿದ ಮೇಲೆ ಅವನು ಒಂದು ದಿನವೂ ಹೂಂ ಅನ್ನು ಎಂದು ಕಾಡಲಿಲ್ಲ, ಸೋತ ಮೇಲೆ ಒಂದೇ ಟ್ರಕ್ಕಿನಲ್ಲಿ ಮನೆಗೆ, ಅವನ ಗಣರಾಜ್ಯದ ಹಸಿರು ಬಾವುಟ ಅವಳ ತೊಡೆಯ ಮೇಲೆ, ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾನೆ, ಮದುವೆಯಾಗಿ ಐವತ್ತು ವರ್ಷದ ಮೇಲೂ ಅವಳಿಗೆ ಆ ಸಿಳ್ಳೆ ಇಷ್ಟ, ಅವನೂ ಇಷ್ಟ — ಹನಿ ತೂಗುತ್ತಿದೆ — ಹದಿನೇಳು, ಎಂದ ಸಭೆ ನಡೆಸುವ ಹೋಬರ್ಟ್, ಅಯ್ಯೋ ಇಷ್ಟು ಬೇಗ, ಗಂಟೆ ಇನ್ನೂ ಎರಡಷ್ಟೇ, ಮಂಡಿಸೋರು ಯಾರು, ಎಲ್ಲಪ್ಪ ನಮ್ಮ ರಾಷ್ಟ್ರಾಧ್ಯಕ್ಷರು, ಕೊಪ್ಪರಿಗೆ ಮುಂದೆ ಪ್ರಮಾಣವಚನ ತಗೋತಿರ್ಬೇಕು ಎಂದು ಹಿಂದಿನಿಂದ ಯಾರೋ, ಎಲ್ಲರೂ ನಕ್ಕರು, ಯಾರೂ ಮಂಡಿಸದಿದ್ರೆ ಕೈಬಿಟ್ಟು ಮುಂದಕ್ಕೆ ಹೋಗೋದೇ, ಒಂದ್ಸಲ, ಎರಡ್ಸಲ, ಎಂದ ಹೋಬರ್ಟ್, ಬಿಡಲಿ, ಅವಳಿಗೇನು, ಬೇಡ ಎನ್ನುವ ಕಷ್ಟವೂ ತಪ್ಪಿತು, ಆದರೆ ಹನ್ನೊಂದು ವರ್ಷದಲ್ಲಿ ಅವನು ಸೋತಿದ್ದಾನೆಯೇ ಹೊರತು ಕೇಳುವವರಿಲ್ಲದೆ ಹೋಗಿಲ್ಲ, ಸೋತರೆ ಸಿಳ್ಳೆ ಹಾಕುತ್ತಾನೆ, ಇದಕ್ಕೆ ಹಾಕಲಾರ, ಕಾಲುಗಳು ಆಗಲೇ ಎದ್ದು ನಿಂತಿವೆ, ಉಣ್ಣೆಯುಂಡೆ ಉರುಳಿತು, ನಾನು ಮಂಡಿಸ್ತೀನಿ — ಯಾರ ದನಿ ಇದು — ನೀನಾ ಲೊವೀನಾ, ಹೂಂ ನಾನೇ, ಕಿವಿ ಕೇಳಲ್ವಾ ಹೋಬರ್ಟ್, ನಾನು ಅನುಮೋದಿಸ್ತೀನಪ್ಪ, ಮಜಾ ನೋಡೋಕಾದ್ರೂ, ಎಂದಳು ಪಕ್ಕದ ಕೊರಿನ್, ಬಾಗಿಲ ಬಳಿ ತಣ್ಣನೆ ಗಾಳಿ, ಪಾಕದ ಸಿಹಿ ವಾಸನೆ, ಮೆರಿಲ್, ಟೋಪಿ ಕೈಯಲ್ಲಿ, ಬಾಯಿ ತೆರೆದು, ಎಷ್ಟು ಹೊತ್ತಿನಿಂದ ನಿಂತಿದ್ದಾನೋ, ಕೇಳಿಸಿಕೊಂಡಿದ್ದಾನೆ, ಒಪ್ಪೋರು ಹೂಂ ಅನ್ನಿ, ಒಂಬತ್ತೋ ಹತ್ತೋ ದನಿ, ಅವನದು ಒಡೆದು ಬಂತು, ಒಪ್ಪದೋರು, ಅಣ್ಣ ಎವರೆಟ್ ನೆನಪಾದ, ಅವಳು ಗಂಡನನ್ನೇ ನೋಡುತ್ತಾ ಬೇಡ ಎಂದಳು, ಎಲ್ಲರಿಗಿಂತ ಗಟ್ಟಿಯಾಗಿ, ಅವನು ತಲೆಯಾಡಿಸಿದ, ನಗುತ್ತಿದ್ದಾನೆ ಕಳ್ಳ, ಅಥವಾ — ಆಲೆಮನೆಯ ಆವಿ, ಆವಿಯೇ ಇರಬೇಕು, ಮೀಸೆಯ ತುದಿಯಲ್ಲಿ ಒಂದು ಹನಿ, ತೂಗುತ್ತಾ, ಬೀಳದೆ, ಹನಿ