ಮಡಕೆ ಕೇಳಿಸಿಕೊಂಡೀತು

ಗಂಗಯ್ಯನಿಗೆ ಪಂಚಾಯಿತಿ ಮೆಂಬರಾಗುವ ಆಸೆ ಹಳೆಯದು. ಹೋದ ಸಲ ನಿಂತು ಸೋತಿದ್ದ. ತಾನು ಸೋತದ್ದು ಮಾತು ಸಾಲದೆ ಎಂದು ಅವನೊಬ್ಬನೇ ನಂಬಿದ್ದ. ಈ ಸಲ ಓಟಿನ ಜಗಳವೇ ಬೇಡವೆಂದು ಊರ ಹಿರಿಯರು ತೀರ್ಮಾನಿಸಿದರು. ಗಂಗಯ್ಯನೂ ಅವನೆದುರು ನಿಲ್ಲಬೇಕೆಂದಿದ್ದ ರಂಗಸ್ವಾಮಿಯೂ ಅಮಾವಾಸ್ಯೆ ಕಳೆದ ಮೇಲೆ ಅರಳಿಕಟ್ಟೆ ಹತ್ತಿ ಮಾತಾಡಲಿ. ಊರು ಒಪ್ಪಿದವನು ಮೆಂಬರಾಗಲಿ, ಇನ್ನೊಬ್ಬ ಸರಿದುಕೊಳ್ಳಲಿ. ಗಂಗಯ್ಯ ಕುಣಿದಾಡಿಬಿಟ್ಟ. ಹಿರೀಸಾವೆಯ ಹೆದ್ದಾರಿ ಪಕ್ಕ ನಿಂತು ಭಾಷಣ ಕಲಿಯತೊಡಗಿದ. ಹಾಸನದ ಬಸ್ಸಿನ ಸದ್ದು ಮೀರಿ ಕೂಗಿದವನು ಊರಿಗೆ ಕೇಳಿಸದೆ ಇರುತ್ತಾನೆಯೇ? ನಾಲ್ಕಾರು ಬಸ್ಸು ಹೋಗುವಷ್ಟರಲ್ಲಿ ಗಂಟಲು ಹರಿದ ತಮಟೆಯಾಯಿತು.

ಗಂಟಲಿಗೆ ಆ ಊರಿನಲ್ಲಿ ಮದ್ದು ಒಂದೇ: ಅವನ ಹೆಂಡತಿ ಲಕ್ಷ್ಮಿದೇವಮ್ಮ ಮಾಡುವ ಖಾರದ ಕಾಡಿ. ಒಡೆದ ತೆಂಗಿನಕಾಯಿಗಳ ನೀರಿಗೆ ಬೆಲ್ಲ ಹಾಕಿಟ್ಟು ಚೆನ್ನಾಗಿ ಹುಳಿ ಬರಿಸಿ, ಜಜ್ಜಿದ ಹಸಿಶುಂಠಿ, ಬೆಳ್ಳುಳ್ಳಿ, ಮೆಣಸು, ನುಗ್ಗೆಬೇರು, ದೊಡ್ಡಪತ್ರೆ ಹಾಕಿ ಬಟ್ಟೆ ಕಟ್ಟಿಡುವುದು. ಕೆಮ್ಮಿಗೂ ಮಂಡಿನೋವಿಗೂ ಅದೇ ಮದ್ದು. ಸಾಮಾನು ಮನೆಮನೆಯಿಂದ ಬರುತ್ತಿತ್ತು, ಆದ್ದರಿಂದ ಮನೆಮನೆಗೂ ಪಾಲಿತ್ತು. ಅದಕ್ಕೊಂದು ಕಟ್ಟಳೆಯೂ ಇತ್ತು. ಮಡಕೆ ಕಟ್ಟಿದವರು ಅದನ್ನು ಬಿಚ್ಚುವ ಅಮಾವಾಸ್ಯೆಯವರೆಗೆ ಮಾತಾಡಕೂಡದು. ಕಾಡಿ ಒಳಗೇ ಕಿವಿಗೊಟ್ಟು ಕೂತಿರುತ್ತದೆ; ಕಟ್ಟಿದವರ ದನಿ ಕೇಳಿದರೆ ತನ್ನನ್ನೇ ಕರೆದರೇನೋ ಎಂದು ಉಕ್ಕಿ ಎದ್ದು ಬಂದು ಕೆಟ್ಟುಹೋಗುತ್ತದೆ. ಪ್ರತಿ ಸಲವೂ ಲಕ್ಷ್ಮಿದೇವಮ್ಮನೇ ಕಟ್ಟುತ್ತಿದ್ದಳು. ಅವಳು ಆ ದಿನಗಳಲ್ಲಿ ಮಾತಾಡುವುದಿಲ್ಲ ಎಂಬುದನ್ನು ಗಂಗಯ್ಯ ಗಮನಿಸಿರಲೇ ಇಲ್ಲ.

ಈ ಸಲ ಎಲ್ಲ ಹಾಕಿ ಅವಳು ಕೈ ತೊಳೆಯಲು ಹಿತ್ತಿಲಿಗೆ ಹೋದಳು. ಅಷ್ಟು ಹೊತ್ತೂ ತಡೆಯಲಾರದೆ ಗಂಗಯ್ಯ ತಾನೇ ಬಟ್ಟೆ ಹೊದಿಸಿ ಹುರಿ ಬಿಗಿದ.

"ಯಾರು ಕಟ್ಟಿದ್ದು?" ಎಂದಳು ಬಂದವಳು.

ಅವನು ನಾನೇ ಎನ್ನಲು ಹೊರಟ. ಒದ್ದೆ ಕೈ ಅವನ ಬಾಯಿ ಮುಚ್ಚಿತು.

ಸುದ್ದಿ ತಿಳಿದು ರಂಗಸ್ವಾಮಿ ಹಿರಿಯರನ್ನು ಒಪ್ಪಿಸಿ ಸಭೆಯನ್ನು ಅಮಾವಾಸ್ಯೆಗಿಂತ ಮುಂಚೆಗೆ ತಂದ. ಗಂಗಯ್ಯ ಮಡಕೆ ಕೆಟ್ಟರೆ ಕೆಡಲಿ, ಮಾತಾಡಿಯೇ ಬಿಡುತ್ತೇನೆ ಎಂದುಕೊಂಡು ಬೀದಿಗೆ ಬಂದ. ಎದುರಾದ ಬೆಟ್ಟಮ್ಮ ಅದರಲ್ಲಿ ತನ್ನ ಮೆಣಸಿದೆ ಎಂದು ನೆನಪಿಸಿದಳು. ಮುಂದೆ ಸಣ್ಣಕ್ಕ ಬೆಳ್ಳುಳ್ಳಿಯ ಮಾತೆತ್ತಿದಳು. ಅವನು ತಿರುಗಿ ಮನೆಗೆ ಬಂದು ಕೂತ.

ಮೌನ ಮೊದಮೊದಲು ತುರಿಸಿತು. ಆಮೇಲೆ ಅದರೊಳಗಿಂದ ಏನೇನೋ ಕೇಳತೊಡಗಿತು. ಇಷ್ಟು ವರ್ಷ ಅವನ ಮಾತಿನ ಸಂದಿಯಲ್ಲಿ ಇರುಕಿಕೊಂಡು ಬದುಕಿದ್ದ ಲಕ್ಷ್ಮಿದೇವಮ್ಮನ ದನಿ ಈಗ ಮನೆ ತುಂಬ ಓಡಾಡುತ್ತಿತ್ತು. ಅವಳಿಗೆ ಅವರೆಕಾಳಿನ ಸಾರು ಕಂಡರಾಗದು ಎಂದು ಗೊತ್ತಾದಾಗ, ಊಟದ ತಟ್ಟೆಯ ಮುಂದೆ ಅವನು ಬಹಳ ಹೊತ್ತು ತಲೆ ತಗ್ಗಿಸಿಯೇ ಇದ್ದ. ಅದು ಅವನು ದಿನಾ ಕೇಳಿ ಮಾಡಿಸಿಕೊಳ್ಳುತ್ತಿದ್ದ ಸಾರು.

ಸಭೆಯ ದಿನ ರಂಗಸ್ವಾಮಿ ರಸ್ತೆ, ಬಾವಿ, ಸ್ಕೂಲು ಎಲ್ಲವನ್ನೂ ಮಾತಿನಲ್ಲೇ ಕಟ್ಟಿ ಮುಗಿಸಿದ. ಗಂಗಯ್ಯ ಕಟ್ಟೆ ಹತ್ತಿ ಸುಮ್ಮನೆ ನಿಂತ. ಅರಳಿ ಎಲೆಗಳ ಸದ್ದು ಕೇಳುತ್ತಿತ್ತು.

"ಊರು ಕೇಳ್ತಾ ಅದೆ ಗಂಗಣ್ಣ," ಎಂದ ರಂಗಸ್ವಾಮಿ. "ಒಂದು ಮಾತಾಡಕೂ ಆಗದೋನು ಮೆಂಬರಾಗಿ ಏನ್ ಮಾಡೀಯೆ? ಇಳಿ ಕೆಳಕ್ಕೆ."

ಗಂಗಯ್ಯನ ತುಟಿ ಬಿಚ್ಚಿಕೊಂಡಿತು. ಕಲಿತ ಭಾಷಣವೆಲ್ಲ ಹಲ್ಲಿನ ಹಿಂದೆ ಬಂದು ನಿಂತಿತು. ಜನ ಒಟ್ಟಾಗಿ ಎದ್ದುಬಿಟ್ಟರು. ಎಲ್ಲರಿಗಿಂತ ಮುಂದೆ ಬಂದವಳು ಮಂಡಿನೋವಿನ ಕಾಮಾಕ್ಷಮ್ಮ, ರಂಗಸ್ವಾಮಿಯ ತಾಯಿ.

"ಅವನ ಬಾಯ ಯಾಕ್ಲಾ ಕೆಣಕೀಯೆ? ನನ್ ಪಾಲ್ ಕಾಡಿ ಕೆಟ್ರೆ ನನ್ನ ನೀನು ಎತ್ಕೊಂಡ್ ತಿರುಗೀಯೇನ್ಲಾ?"

ಗಂಗಯ್ಯ ಬಾಯಿ ಮುಚ್ಚಿಕೊಂಡ. ಊರಿಗಾಗಿ ಬಾಯಿ ಇಷ್ಟು ಬಿಗಿಹಿಡಿದು ನಿಂತವನನ್ನು ತಾವು ಕಂಡಿಲ್ಲವೆಂದು ಹಿರಿಯರು ಮೆಚ್ಚಿದರು. ಅವನೇ ಮೆಂಬರೆಂದು ಅಲ್ಲೇ ತೀರ್ಮಾನವಾಯಿತು. ಅವನ ಕಣ್ಣಲ್ಲಿ ನೀರು ಬಂತು. ಜನ ಅದನ್ನು ಸಂತೋಷವೆಂದು ತಿಳಿದರು.

ಅಮಾವಾಸ್ಯೆಯ ಬೆಳಿಗ್ಗೆ ಜಗಲಿಯಲ್ಲಿ ಮಡಕೆ ಬಿಚ್ಚಿದರು. ಮೊದಲ ಗುಟುಕು ಗಂಗಯ್ಯನದು. ಅದು ಗಂಟಲಲ್ಲಿ ಉರಿದು, ಕಿವಿಯಲ್ಲಿ ಹಾದು, ನೆತ್ತಿಗೆ ಹೋಗಿ ತಿರುಗಿ ಬಂತು.

"ಊರ ಮಹಾಜನಗಳೇ," ಎಂದ. ದನಿ ದೇವಸ್ಥಾನದ ಗಂಟೆಯಂತಿತ್ತು. ಕೊಟ್ಟಿಗೆಯ ಎತ್ತುಗಳೂ ತಿರುಗಿ ನೋಡಿದವು.

ಜನ ಚೊಂಬು ಹಿಡಿದು ಒಬ್ಬರನ್ನೊಬ್ಬರು ನೋಡಿಕೊಂಡರು. ಬೆಟ್ಟಮ್ಮ ಮಡಿಲಿನಿಂದ ಹೊಸ ಮೆಣಸು ತೆಗೆದು ಜಗಲಿಯ ಮೇಲಿಟ್ಟಳು. ಸಣ್ಣಕ್ಕ ಬೆಳ್ಳುಳ್ಳಿ ಇಟ್ಟಳು. ಹುಳಿನೀರು ತುಂಬಿದ ಇನ್ನೊಂದು ಮಡಕೆಯನ್ನು ಲಕ್ಷ್ಮಿದೇವಮ್ಮ ಆಗಲೇ ಹೊರಗೆ ತಂದಿದ್ದಳು. ಎಲ್ಲವನ್ನೂ ಅದಕ್ಕೆ ಹಾಕಿ, ಬಟ್ಟೆಯನ್ನೂ ಹುರಿಯನ್ನೂ ಗಂಡನ ಮುಂದಿಟ್ಟಳು.

"ಈ ಸಲ ನಾನೇ ಕಟ್ಲಾ?" ಎಂದಳು ಮೆಲ್ಲಗೆ.

ಗಂಗಯ್ಯ ಅವಳ ಮುಖ ನೋಡಿದ. ಭಾಷಣ ಇಡಿಯಾಗಿ ಬಾಯಲ್ಲೇ ಇತ್ತು, ಒಂದಕ್ಷರವೂ ಮರೆತಿರಲಿಲ್ಲ. ಅವನು ಅದನ್ನು ಖಾರದ ಜೊತೆ ನುಂಗಿದ.

"ಇವತ್ತು ಅವರೆಕಾಳು ಬ್ಯಾಡ," ಎಂದು ಹೇಳಿ, ಹುರಿಯನ್ನು ತಾನೇ ಬಿಗಿದ.